ಡ್ರಿಲ್ ಮೇಷ್ಟ್ರ ಮಾಸ್ಕ್ ಕಿತ್ತುಕೊಳ್ಳಬೇಡಿ

ಮಾನ್ಯ ಕ್ರೀಡಾಧಿಕಾರಿಗಳೇ,

ಈಗ ರಾತ್ರಿ ಮೂರು ಗಂಟೆ. ಪಂಕ್ಚರಾದ ಟ್ಯೂಬಿನಿಂದ ಗಾಳಿ ಹೋಗುವಂಥ ಸದ್ದಿಗೆ ಎಚ್ಚರವಾಯಿತು. ತಕ್ಷಣ ತೊಟ್ಟಿಲಿಗೆ ಕಿವಿಯಿಟ್ಟೆ. ಮಗು ಹಾಯಾಗಿ ಉಸಿರಾಡುತ್ತಿತ್ತು. ಸದ್ದು ಬರುತ್ತಿದ್ದದ್ದು ಮೆಟ್ಟಿಲಿಂದ. ಅಲ್ಲಿ ನನ್ನ ಯಜಮಾನರು, ಅಂದರೆ ನಿಮ್ಮ ಶಾಲೆಯೊಂದರ ಡ್ರಿಲ್ ಮೇಷ್ಟ್ರು, ಬೆಳಗಿನ ಓಟದ ಅಭ್ಯಾಸಕ್ಕೆಂದು ಹತ್ತುತ್ತಾ ಇಳಿಯುತ್ತಾ ಇದ್ದಾರೆ. ಇದಕ್ಕೆ ನೇರ ಹೊಣೆ ನೀವು.

ಡ್ರಿಲ್ ಮೇಷ್ಟ್ರುಗಳ ವಾರ್ಷಿಕ ಅರ್ಹತಾ ಓಟಕ್ಕೆ ಮಾಸ್ಕ್ ಕಡ್ಡಾಯ, ಆದ್ದರಿಂದ ಏದುಸಿರು ಬಂದವರು ನಡೆದೇ ಮುಗಿಸಬಹುದು ಎಂದಿದ್ದವರು ತಾವೇ. ನಿನ್ನೆ ಸಂಜೆ ಇದ್ದಕ್ಕಿದ್ದಂತೆ ತಮಗೆ ಜ್ಞಾನೋದಯವಾಯಿತು. ಮಾಸ್ಕಿನಿಂದ ಉಸಿರಾಟಕ್ಕೆ ತೊಂದರೆಯಂತೆ, ಅದಕ್ಕೆ ಮಾಸ್ಕ್ ಬೇಡವಂತೆ. ಜೊತೆಗೆ ನಡೆಯುವ ರಿಯಾಯಿತಿಯೂ ರದ್ದು. ನಡುವೆ ನಿಂತವರಿಗೆ ಮೈದಾನ ತಪ್ಪಿಸಿ ಕಚೇರಿಯಲ್ಲೊಂದು ಕುರ್ಚಿ. ಈ ಕರುಣೆಗೆ ಹೇಗೆ ಕೃತಜ್ಞತೆ ಸಲ್ಲಿಸಲಿ?

ನಮ್ಮ ಮನೆಯಲ್ಲಿ ಆ ಮಾಸ್ಕ್ ಎಷ್ಟು ದುಡಿಯುತ್ತಿತ್ತು ಗೊತ್ತೇ? ಗ್ಯಾಸ್ ಸಿಲಿಂಡರ್ ಎತ್ತಿ ಸುಸ್ತಾದರೆ ತಪ್ಪು ಮಾಸ್ಕಿನದು. ಬಸ್ಸಿನ ಹಿಂದೆ ಓಡಿ ಬಸ್ಸು ತಪ್ಪಿದರೂ ಮಾಸ್ಕಿನದೇ.

"ಮೂಗು ಮುಚ್ಚಿದ್ರೆ ಆನೆನೂ ಓಡಲ್ಲಮ್ಮ" ಎಂದರು ಇವರು ಮೊನ್ನೆ, ತಮ್ಮ ತಾಯಿಗೆ.

ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅಡ್ಡ ಬರ್ತಿರೋದು ಮಾಸ್ಕಲ್ಲ ಕಣೋ, ಹೊಟ್ಟೆ. ಅದಕ್ಕೆ ಕಿವಿಗೆ ಸಿಕ್ಕಿಸೋ ದಾರ ಇಲ್ಲ, ಅದಕ್ಕೇ ಕಳಚೋಕೆ ಬರ್ತಿಲ್ಲ."

ನಾನೂ ವಿಜ್ಞಾನ ಓದಿದವಳು. ಮಗು ಹುಟ್ಟಿದಾಗ ಹೆದರಿ ತಂದಿಟ್ಟ ಆಕ್ಸಿಮೀಟರನ್ನು ಅವರ ಬೆರಳಿಗೆ ಸಿಕ್ಕಿಸಿ, ಮಾಸ್ಕ್ ಹಾಕಿಸಿ ಒಮ್ಮೆ, ತೆಗೆಸಿ ಒಮ್ಮೆ ಮೆಟ್ಟಿಲು ಹತ್ತಿಸಿದೆ. ಎರಡೂ ಸಲ ಅಂಕಿ ಒಂದೇ, ಏದುಸಿರೂ ಒಂದೇ. ಮಾಸ್ಕಿನೊಳಗೆ ಸೆಕೆ, ಕಸಿವಿಸಿ, ಉಸಿರು ಭಾರ ಅನ್ನಿಸುವುದು ನಿಜ. ಆದರೆ ನಮ್ಮ ಮನೆಯ ಮಟ್ಟಿಗೆ ಅದು ನಿರಪರಾಧಿ. ಫಲಿತಾಂಶ ಏನಾಯಿತೆಂದು ಕೇಳಿದರು. "ಮಿಷನ್ನೇ ಕೆಟ್ಟಿದೆ ಕಣ್ರೀ" ಎಂದೆ. ಇನ್ನೇನು ಹೇಳಲಿ? ಮೈದಾನದಲ್ಲಿ ಸೀಟಿ ಊದುತ್ತಾ ಮಕ್ಕಳ ನಡುವೆ ನಿಂತಾಗಲೇ ಅವರ ಮುಖದಲ್ಲಿ ಕಳೆ. ಅವರನ್ನು ಫೈಲುಗಳ ಮುಂದೆ ಕೂರಿಸಿದರೆ ಸಂಜೆ ಸಮಾಧಾನ ಮಾಡಬೇಕಾದವಳು ನಾನು.

ಆದ್ದರಿಂದ ಹಳೆಯ ನಿಯಮ ಮರಳಲಿ. ಅವರು ಮಾಸ್ಕ್ ಹಾಕಿಕೊಂಡು ಮರ್ಯಾದೆಯಾಗಿ ನಡೆದು ಮುಗಿಸಲಿ. ಮುಂದಿನ ವರ್ಷದೊಳಗೆ ಹೊಟ್ಟೆಯ ವಿಚಾರವನ್ನು ಅತ್ತೆ, ನಾನು ಸೇರಿ ನೋಡಿಕೊಳ್ಳುತ್ತೇವೆ. ನಿಮ್ಮ ಕಚೇರಿಯ ಫೋನನ್ನು ಯಾರೂ ಎತ್ತುತ್ತಿಲ್ಲ. ಅದಕ್ಕೇ ಇದನ್ನು ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಿದ್ದೇನೆ. ನಿಮ್ಮನ್ನು ಬಲ್ಲವರು ಯಾರಾದರೂ ಎಬ್ಬಿಸಲಿ. ಯಜಮಾನರು ಪಾರ್ಕಿಂಗ್ ಜಗಳದಲ್ಲಿ ಈ ಗ್ರೂಪು ಬಿಟ್ಟಿದ್ದಾರೆ, ಅವರು ಓದುವ ಭಯವಿಲ್ಲ.

ಓಟ ಇವತ್ತೇ ಬೆಳಿಗ್ಗೆ ಆರಕ್ಕೆ. ಬೆಳಕು ಹರಿಯುವ ಮುಂಚೆ ಅವರಿಗೊಂದು ಫೋನ್ ಮಾಡಿ, ದಯವಿಟ್ಟು. ಹೆಂಡತಿ ಬರೆದಿದ್ದಳು ಅನ್ನಬೇಡಿ. "ಮಾಸ್ಕ್ ಹಾಕ್ಕೊಂಡು ಬನ್ನಿ ಮೇಷ್ಟ್ರೇ" ಅನ್ನಿ, ಸಾಕು.

ಇಂತಿ,
ನಿದ್ದೆಯ ಆಸೆ ಬಿಟ್ಟವಳು, ಗಂಡನ ಆಸೆ ಬಿಡಲಾರದವಳು