ಅಂಗಿಯೊಳಗಿಂದ ಹುಟ್ಟಿದವಳು

ಬುಕೊವಾಚ್ ಹಳ್ಳಿ,
ನವೆಂಬರ್ 2, ಮಿತ್ರೋವ್‌ದಾನ್ ಹಬ್ಬದ ಹಿಂದಿನ ವಾರ

ನನ್ನ ಚಿನ್ನದಂಥ ನೇದಾ,

ನೀನು, ಗೋರಾನ್, ಮಕ್ಕಳಿಬ್ಬರು, ಹಾಸಿಗೆ ಹಿಡಿದಿರುವ ನಿನ್ನ ಅತ್ತೆ ಎಲ್ಲರೂ ಕ್ಷೇಮವೆಂದುಕೊಂಡು ಬರೆಯುತ್ತಿದ್ದೇನೆ. ನನ್ನ ವಿಷಯ ಕೇಳಿದರೆ, ಕಾಲು ಇದ್ದ ಹಾಗೆಯೇ ಇದೆ, ನಾಲಗೆ ಮಾತ್ರ ಮೊದಲಿಗಿಂತ ಚುರುಕಾಗಿದೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ಸದ್ದಿನ ನಡುವೆ ನಿಂತು ಮಾತಾಡುತ್ತೀ, ನಾನು ಹೂಂ ಹೂಂ ಎಂದು ಇಟ್ಟುಬಿಡುತ್ತೇನೆ. ಇಟ್ಟ ಮೇಲೆ, ಹೇಳಬೇಕಿದ್ದ ಮಾತುಗಳೆಲ್ಲ ಒಂದೊಂದಾಗಿ ಬಂದು ಎದುರು ಕೂರುತ್ತವೆ. ಅದಕ್ಕೇ ಈ ಕಾಗದ. ಅಕ್ಷರ ಕುಂಬಳದ ಬಳ್ಳಿಯ ಹಾಗೆ ಎತ್ತೆತ್ತಲೋ ಹೋಗಿದ್ದರೆ ಹೊಂದಿಸಿಕೊಂಡು ಓದು. ನನಗೆ ಮೇಷ್ಟರು ಯಾರೂ ಇರಲಿಲ್ಲ ಎನ್ನುವುದು ನಿನಗೆ ಗೊತ್ತಿದೆ.

ಮೊದಲು ಒಳ್ಳೆಯ ಸುದ್ದಿ. ಪಿರೋಟ್ ಪೇಟೆಯ ವೃದ್ಧಾಶ್ರಮದಲ್ಲಿ ನನಗೊಂದು ಹಾಸಿಗೆ ಸಿಕ್ಕಿದೆ. ಸೋಮವಾರ ಹೋಗುತ್ತೇನೆ. ಹಿಮ ಬೀಳುವ ಹೊತ್ತಿಗೆ ಬೆಚ್ಚಗಿನ ಕೋಣೆಯಲ್ಲಿರುತ್ತೇನೆ, ಸೌದೆ ಹೊರುವ ಚಿಂತೆಯಿಲ್ಲ. ಎರಡನೆಯ ಸುದ್ದಿ ಏನೆಂದರೆ, ಆ ಹಾಸಿಗೆಗಾಗಿ ನಿನ್ನೆ ಕಚೇರಿಯಲ್ಲಿ, ನನಗೆ ಮಕ್ಕಳಿಲ್ಲ ಎಂದು ಬಾಯಿಬಿಟ್ಟು ಹೇಳಿ ಬಂದೆ. ಊರವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ತಿಳಿಸಬೇಕು. ಹಾಗೆ ಹೇಳೆಂದವಳು ನೀನೇ, ಅದು ನನಗೆ ನೆನಪಿದೆ. ಆದರೂ ಅದು ಹೇಗೆ ನಡೆಯಿತೆಂದು ನಿನಗೆ ಗೊತ್ತಾಗಬೇಕು.

ಸ್ವಲ್ಪ ತಡೆ, ಮೇಕೆ ಬಂದಿದೆ.

ನಮ್ಮ ಬೇಲಾಳನ್ನು ಪಕ್ಕದ ವಸಿಲ್ಕಾಳ ಮನೆಗೆ ಕೊಟ್ಟಿದ್ದೇನೆ. ಅದು ಹಗ್ಗ ಬಿಡಿಸಿಕೊಂಡು ಇಲ್ಲಿಗೇ ಬಂದು ಬಾಗಿಲಿಗೆ ತಲೆ ಗುದ್ದುತ್ತದೆ. ವಸಿಲ್ಕಾ ಬಂದು ಎಳೆದುಕೊಂಡು ಹೋದಳು. ಹೋಗುವಾಗ ಬೈದದ್ದು ಮೇಕೆಗೋ ನನಗೋ ತಿಳಿಯಲಿಲ್ಲ. ಎಲ್ಲಿದ್ದೆ? ಹಾಂ.

ನಾನು ಅಂಗಳದಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಸಮಾಜ ಕಲ್ಯಾಣ ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ಸ್ನೆಜಾನಾ ಎಂದು ಹೆಸರು, ಕಾನೂನು ಓದಿದವಳು, ತುಂಬಾ ಸಭ್ಯೆ. ಒಲೆಯ ಪಕ್ಕ ಕೂರಿಸಿ, ಹೊಸದಾಗಿ ಮಾಡಿದ ಸುಟ್ಟ ಮೆಣಸಿನಕಾಯಿ ಗೊಜ್ಜನ್ನು ರೊಟ್ಟಿಗೆ ಸವರಿ ಕೊಟ್ಟೆ. ತಿನ್ನುತ್ತಲೇ ಕೇಳಿದಳು, ಅಜ್ಜಿ, ನಿಮಗೆ ಯಾರಿದ್ದಾರೆ ಎಂದು. ಮಗಳಿದ್ದಾಳೆ ಎಂದೆ. ನೋವಿ ಸಾದ್‌ನಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಎಂದೆ. ಬಟ್ಟೆ ಒಗೆಯುವ ವಿಭಾಗ ಎಂದು ಹೇಳಲಿಲ್ಲ, ಡಾಕ್ಟರ್ ಎಂದುಕೊಂಡರೆ ಎಂದುಕೊಳ್ಳಲಿ. ಅವಳು ತಿನ್ನುವುದು ನಿಲ್ಲಿಸಿದಳು. ಹಾಗಿದ್ದರೆ ಮೊದಲ ಹೊಣೆ ಮಗಳದ್ದು, ಅವರನ್ನು ಕರೆಸಬೇಕು, ಅವರ ಸಂಬಳ ನೋಡಬೇಕು, ಅವರ ಕೈಲಿ ಆಗುವುದಿಲ್ಲವೆಂದು ಗೊತ್ತಾದ ಮೇಲೆಯೇ ಸರ್ಕಾರದ ಮಾತು ಎಂದಳು. ನಿಮ್ಮ ಮನೆಯಲ್ಲಿರುವುದು ಎರಡೇ ಕೋಣೆ. ಒಂದರಲ್ಲಿ ನಿನ್ನ ಅತ್ತೆ ಮಲಗಿದ್ದಾಳೆ, ಇನ್ನೊಂದರಲ್ಲಿ ನೀವು ನಾಲ್ವರು. ಅದನ್ನೆಲ್ಲ ಯಾರೋ ಬಂದು ಅಳತೆ ಮಾಡುವುದೆಂದರೆ!

ಆದರೆ ವಾರದೊಳಗೆ ಸ್ನೆಜಾನಾ ಮತ್ತೆ ಬಂದಳು, ಮುಖವೆಲ್ಲ ನಗು. ಜನನ ದಾಖಲೆ ತೆಗೆಸಿ ನೋಡಿದಳಂತೆ.

"ಅಜ್ಜಿ, ನಿಮ್ಗೆ ಒಳ್ಳೇದಾಯ್ತು. ಕಾನೂನಿನ ಪ್ರಕಾರ ನಿಮ್ಗೆ ಮಕ್ಕಳೇ ಇಲ್ಲ."

ಲಾಟರಿ ಹೊಡೆದವರಿಗೆ ಹೇಳುವ ಹಾಗೆ ಹೇಳಿದಳು, ಪಾಪ. ನಾನು ಅವಳಿಗೆ ಇನ್ನೊಂದು ರೊಟ್ಟಿ ಕೊಟ್ಟೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಅವತ್ತೇ ನಿನಗೆ ಫೋನು ಮಾಡಿದೆ. ಹೀಗೆ ಹೀಗೆ, ಮಗಳಿಲ್ಲ ಅಂತ ಕಚೇರಿಯಲ್ಲಿ ಹೇಳಬೇಕಂತೆ ಎಂದೆ. ನೀನು ಹೇಳಿದ ಮಾತು ಇಷ್ಟು: "ಹೇಳ್ಬಿಡಮ್ಮ. ಒಂದು ಮಾತು ತಾನೇ? ಹಾಸಿಗೆ ಕೈತಪ್ಪಿ ಹೋಗೋದು ಬೇಡ." ಆಮೇಲೆ ಯಾರೋ ನಿನ್ನನ್ನು ಕರೆದರು, ನೀನು ಫೋನು ಇಟ್ಟೆ. ನೀನು ಹೇಳಿದ್ದು ಸರಿಯೇ. ಒಂದು ಮಾತು ತಾನೇ. ಅದರ ಬಗ್ಗೆ ನಾನು ಮತ್ತೆ ಯೋಚಿಸಲಿಲ್ಲ.

ಕಚೇರಿಗೆ ಒಬ್ಬ ಸಾಕ್ಷಿ ಬೇಕೆಂದರು. ವಸಿಲ್ಕಾ ಬಿಟ್ಟರೆ ಯಾರು? ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವಳಿಗೆ ಪಾಠ ಹೇಳಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಹೌದು ಅನ್ನು, ಇಲ್ಲ ಅನ್ನು, ಮಿಕ್ಕಿದ್ದು ಬೇಡ ಎಂದು. ಅವಳು ಕಪ್ಪು ತಲೆವಸ್ತ್ರ ಬಿಗಿದುಕೊಂಡು, ಚೀಲದಲ್ಲಿ ಒಂದು ತುಂಡು ಕುರಿಹಾಲಿನ ಗಿಣ್ಣು ಇಟ್ಟುಕೊಂಡು ಬಂದಿದ್ದಳು. ಸಾಹೇಬರಿಗೆ ಕೊಡಲಿಕ್ಕಂತೆ. ಸಾಹೇಬ ಯಾರೂ ಇರಲಿಲ್ಲ. ಸ್ನೆಜಾನಾ ಮತ್ತು ಟೈಪು ಮಾಡುವ ಒಬ್ಬ ಹೆಂಗಸು, ಅಷ್ಟೇ.

ಸ್ನೆಜಾನಾ ಶಾಂತವಾಗಿ ಒಂದೊಂದೇ ಕೇಳಿದಳು. ನೇದಾಳನ್ನು ನೀವು ಹೆತ್ತಿರಾ? ಇಲ್ಲ. ದತ್ತು ತೆಗೆದುಕೊಂಡಿರಾ, ಅಂದರೆ ಕಚೇರಿಯಲ್ಲಿ, ಕಾಗದ ಮಾಡಿಸಿ? ಇಲ್ಲ. ಅವಳ ತಂದೆಯನ್ನು ಮದುವೆಯಾಗಿದ್ದಿರಾ? ಆಗಿದ್ದರೆ ಮಲತಾಯಿ ಎಂದಾದರೂ ಆಗುತ್ತಿದ್ದೆನಂತೆ, ಕಾನೂನಿನಲ್ಲಿ ಮಲತಾಯಿಗೂ ಜಾಗವಿದೆಯಂತೆ. ಇಲ್ಲ ಎಂದೆ, ಆಗ ನನ್ನ ಮಿಲಾದಿನ್ ಗಟ್ಟಿಮುಟ್ಟಾಗಿ ಬದುಕಿದ್ದನಲ್ಲ. ಸರ್ಕಾರದವರು ಸಾಕಲಿಕ್ಕೆಂದು ನಿಮಗೆ ಒಪ್ಪಿಸಿದ್ದರಾ? ಇಲ್ಲ. ಹೀಗೆ ಇಲ್ಲ ಇಲ್ಲ ಎನ್ನುತ್ತಾ ಹೋದ ಹಾಗೆ, ನೇದಾ, ನಿನ್ನನ್ನು ಎಲ್ಲಿಂದಲೋ ಕದ್ದು ತಂದವಳ ಹಾಗೆ ಕೂತಿದ್ದೆ.

ವಸಿಲ್ಕಾಳಿಗೆ ತಡೆದುಕೊಳ್ಳಲು ಆಗಲಿಲ್ಲ.

"ಅಂಗಿಯೊಳಗಿಂದ ತೆಗೆದ್ವಿ ಕಣಮ್ಮ ಕೂಸನ್ನ. ಅದನ್ಯಾಕೆ ಕೇಳ್ತಿಲ್ಲ ನೀನು?"

ಟೈಪು ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ವಸಿಲ್ಕಾ ಶುರು ಮಾಡಿದಳು. ನಿನಗೆ ಇದು ನೂರು ಸಲ ಕೇಳಿದ ಕಥೆ. ನಿನ್ನ ತಾಯಿ ರೂಜಾ ಮಣ್ಣಾದ ನಲವತ್ತನೆಯ ದಿನ ಕಳೆದ ಮೇಲೆ ನಿನ್ನಪ್ಪ ನಿನ್ನನ್ನು ನಮ್ಮ ಹೊಸಿಲಲ್ಲಿ ಬಿಟ್ಟು ಗಣಿಯ ಕೆಲಸಕ್ಕೆ ಹೋದ. ನಾನು ನನ್ನ ಮದುವೆಯ ನಾರಿನ ಅಂಗಿ ಹಾಕಿಕೊಂಡೆ, ಕಾಲಿನವರೆಗೆ ಬರುವ ಅಗಲವಾದದ್ದು. ಹೆಂಗಸರು ನಿನ್ನನ್ನು ಕತ್ತಿನ ಕಡೆಯಿಂದ ಒಳಗೆ ಇಳಿಸಿದರು, ವಸಿಲ್ಕಾ ಕೆಳಗೆ ಸೂಲಗಿತ್ತಿಯ ಹಾಗೆ ಕೂತು ಕಾಲ ಬಳಿಯಿಂದ ಎಳೆದುಕೊಂಡಳು. ಮೂರು ವರ್ಷದ ಹುಡುಗಿ ನೀನು, ತಲೆ ಸಿಕ್ಕಿಹಾಕಿಕೊಂಡು ಒಳಗೇ ಕಿರುಚಿದೆ. ಅಂಗಿಯ ಹೊಲಿಗೆ ಪರ್ರೆಂದಿತು. ಆಮೇಲೆ ನಾನು ಬಾಣಂತಿಯ ಹಾಗೆ ಸಂಜೆವರೆಗೆ ಮಲಗಿದ್ದೆ, ಊರ ಹೆಂಗಸರು ರೊಟ್ಟಿ, ಸಿಹಿ ಹಾಕಿ ಕಾಯಿಸಿದ ಪ್ಲಮ್ ಸಾರಾಯಿ ತಂದು ನೋಡಿಕೊಂಡು ಹೋದರು. ಮಿಲಾದಿನ್‌ನನ್ನು ಒಳಗೆ ಬಿಡದೆ ಅಂಗಳದಲ್ಲೇ ನಿಲ್ಲಿಸಿದ್ದರು. ವಸಿಲ್ಕಾ ಕಿಟಕಿಯಿಂದ ತಲೆ ಹಾಕಿ, ಹೆಣ್ಣು ಕಣೋ, ನಿನ್ನ ಹಾಗೆ ಮೂಗಿಲ್ಲ, ಪುಣ್ಯಕ್ಕೆ ಬದುಕಿದಳು ಎಂದು ಕೂಗಿದ್ದಳು.

ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಟೈಪಿನ ಹೆಂಗಸು ನಗುತ್ತಿದ್ದಳು. ಸ್ನೆಜಾನಾ ನಗಲಿಲ್ಲ. ಅದಾದ ಮೇಲಾದರೂ ಕಚೇರಿಗೆ ಯಾಕೆ ಹೋಗಲಿಲ್ಲ ಎಂದು ಮೆಲ್ಲಗೆ ಕೇಳಿದಳು. ವಸಿಲ್ಕಾಳಿಗೆ ಸಿಟ್ಟೇ ಬಂತು.

"ಒಂದ್ಸಲ ಹೆತ್ತಿದ್ದನ್ನ ಯಾರಾದ್ರೂ ಎರಡ್ಸಲ ಹೆರ್ತಾರೇನಮ್ಮ?"

ಅದು ನಿಜ, ನೇದಾ. ನಮಗ್ಯಾರಿಗೂ ಹೊಳೆಯಲೇ ಇಲ್ಲ. ಅಂಗಿಯಿಂದ ಬಂದವಳು ನಮ್ಮವಳೇ, ಇನ್ನು ಅದನ್ನು ಹೋಗಿ ಯಾರಿಗೆ ಹೇಳುವುದು? ಶಾಲೆಯಲ್ಲಿ ಹೆತ್ತಪ್ಪನ ಹೆಸರು ಬರೆದುಕೊಂಡಾಗಲೂ, ಮೇಷ್ಟರಿಗೆ ಗೊತ್ತಿಲ್ಲ ಬಿಡು ಎಂದು ಸುಮ್ಮನಾದೆವು. ಈಗಲಾದರೂ ದತ್ತು ಮಾಡಿಕೊಳ್ಳಬಹುದೇ ಎಂದು ಕೇಳಿದೆ. ಆಗುವುದಿಲ್ಲವಂತೆ, ದೊಡ್ಡವರಾದ ಮೇಲೆ ದತ್ತು ಇಲ್ಲವಂತೆ. ಅಂಗಿಯಿಂದಲೂ ಆಗೋದಿಲ್ಲ ಬಿಡು, ಈಗ ಅವಳನ್ನ ತೂರಿಸ್ಬೇಕಂದ್ರೆ ಡೇರೆಯೇ ಬೇಕು ಎಂದಳು ವಸಿಲ್ಕಾ. ನೀನು ಕಳೆದ ಈಸ್ಟರ್‌ಗೆ ಬಂದಾಗ ದಪ್ಪಗಾಗಿದ್ದೆ ಎಂದು ಈಗಲೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ.

ಒಂದು ಮಾತು ನಾನೂ ಕೇಳಿದೆ. ನೇದಾ ತನ್ನ ಅತ್ತೆಯನ್ನು ನೋಡಿಕೊಳ್ಳುತ್ತಾಳೆ, ಮೈ ಒರೆಸಿ, ತುತ್ತು ಕೊಟ್ಟು. ಹಾಗೆ ನೋಡಿಕೋ ಎಂದು ಕಾನೂನು ಹೇಳಿದೆಯೇ ಎಂದೆ. ಸ್ನೆಜಾನಾ ಯೋಚಿಸಿ, ಇಲ್ಲ ಅಜ್ಜಿ, ಸೊಸೆಗೆ ಅಂಥ ಹೊಣೆ ಬರೆದಿಲ್ಲ ಎಂದಳು. ಕೇಳಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಗೊತ್ತಿಲ್ಲ. ಹಾಗಾದರೆ ಅದನ್ನು ನೀನು ನೀನಾಗಿಯೇ ಮಾಡುತ್ತಿದ್ದೀ. ಅದು ತಿಳಿದು ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ ಏನಾಯಿತೆಂದು ಬರೆಯುವುದಿಲ್ಲ.

ಕೊನೆಗೆ ಸ್ನೆಜಾನಾ ಕೇಳಿದಳು, ನಿಮಗೆ ಮಕ್ಕಳಿದ್ದಾರೆಯೇ ಎಂದು. ಕಾನೂನಿನ ಪ್ರಕಾರ ಇಲ್ಲ ಎಂದೆ. ಹಾಗಲ್ಲ, ಇದ್ದಾರೆ ಅಥವಾ ಇಲ್ಲ, ಅಷ್ಟೇ ಹೇಳಬೇಕು ಎಂದಳು. ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಒಳ್ಳೆಯ ಹುಡುಗಿ. ಮರದ ಮೇಲೆ ಕಾಗೆಯಿತ್ತು, ಅದನ್ನೇ ನೋಡುತ್ತಾ ಇಲ್ಲ ಎಂದೆ. ತಕ್ಷಣ ವಸಿಲ್ಕಾ ಬಗ್ಗಿ ಮೇಜಿನ ಕೆಳಗೆ ಮೂರು ಸಲ ಥೂ ಥೂ ಎಂದಳು. ಏನಾಯಿತು ಎಂದು ಟೈಪಿನ ಹೆಂಗಸು ಗಾಬರಿಯಾದಳು. ಇದ್ದ ಮಗುವನ್ನು ಇಲ್ಲವೆಂದರೆ ಅದು ಆ ಮಗುವಿಗೆ ತಟ್ಟುತ್ತದೆ ಎನ್ನುವುದು ಪೇಟೆಯವರಿಗೆ ಹೇಗೆ ತಿಳಿಯಬೇಕು? ನಿನ್ನೆ ಮಧ್ಯಾಹ್ನ ನಿನಗೆ ಏನೂ ಆಗಲಿಲ್ಲ ತಾನೇ? ತಲೆನೋವು, ಜಾರಿ ಬೀಳುವುದು, ಏನೂ ಇಲ್ಲವಷ್ಟೇ? ಆ ಯಂತ್ರಗಳ ಹತ್ತಿರ ಕೈ ಜೋಪಾನ. ಇದೊಂದಕ್ಕೆ ಉತ್ತರ ಬೇಗ ಕಳಿಸು.

ಒಲೆಗೆ ಸೌದೆ ಹಾಕಲೆಂದು ಎದ್ದೆ, ಹಾಕದೆ ಬಂದೆ. ಮತ್ತೆ ಎದ್ದೆ. ಇವತ್ತು ಎಲ್ಲಿ ಕೂತರೂ ಕೂರಲಾಗುತ್ತಿಲ್ಲ. ಮಗ್ಗದ ಮೇಲೆ ಜಮಖಾನೆ ಅರ್ಧಕ್ಕೇ ನಿಂತಿದೆ. ಕಟ್ಟಿಟ್ಟ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಹೊರಗೆ ಮೇಕೆ ಕೂಗಿದ ಹಾಗಾಯಿತು, ಹೋಗಿ ನೋಡಿದರೆ ಇಲ್ಲ.

ಮೇಲೆ ನಾನೊಂದು ಸುಳ್ಳು ಬರೆದಿದ್ದೇನೆ. ನಿನ್ನ ಮಾತಿನ ಬಗ್ಗೆ ಮತ್ತೆ ಯೋಚಿಸಲಿಲ್ಲ ಎಂದೆನಲ್ಲ, ಅದು. ನೀನು "ಹೇಳ್ಬಿಡಮ್ಮ" ಎಂದದ್ದು ಬಹಳ ಬೇಗವಾಯಿತು, ಮಗಾ. ನಾನು ಪ್ರಶ್ನೆ ಮುಗಿಸುವ ಮೊದಲೇ. ನೀನು ಕೆಲಸದ ನಡುವೆ ಇದ್ದೆ, ಯಾರೋ ಕರೆಯುತ್ತಿದ್ದರು, ನನಗೆ ಹಾಸಿಗೆ ತಪ್ಪಬಾರದೆಂಬ ಕಾಳಜಿ, ಇದೆಲ್ಲವೂ ಇರಬಹುದು. ಇಷ್ಟನ್ನೂ ನಿನ್ನ ಪರವಾಗಿ ನಾನೇ ವಾದಿಸಿ ಗೆದ್ದಿದ್ದೇನೆ, ಗೆದ್ದ ಮೇಲೆ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಭಾರ ಇಳಿಯಿತೆಂದು ಅಂದೆಯೋ, ಪ್ರೀತಿಯಿಂದ ಅಂದೆಯೋ? ಎರಡೂ ಇದ್ದರೆ ಎರಡೂ ಇರಲಿ, ನನಗೆ ಕೋಪವಿಲ್ಲ. ಭಾರವೆಂದರೆ ಏನೆಂದು ನನಗೆ ಗೊತ್ತು. ನಿನಗೆ ದಡಾರ ಬಂದಾಗ ಬೆಟ್ಟ ಇಳಿದು ಪೇಟೆಯವರೆಗೆ ನಿನ್ನನ್ನು ಹೊತ್ತುಕೊಂಡು ಹೋಗುವಾಗ, ಈ ಹುಡುಗಿ ಇಷ್ಟೊಂದು ಯಾಕೆ ತಿನ್ನುತ್ತಾಳೋ ಎಂದು ಬೈದುಕೊಂಡೇ ನಡೆದಿದ್ದೆ.

ನನ್ನನ್ನು ಸಾಕು ಎಂದು ನಾನು ಕೇಳುತ್ತಿಲ್ಲ. ಸಾಕಲು ಅವರಿದ್ದಾರೆ, ಸೂಪು, ಬಿಸಿನೀರು, ದಾದಿ ಎಲ್ಲ ಇದೆಯಂತೆ. ಕಾನೂನು ನಿನ್ನ ಕೈಯನ್ನು ಬಿಡಿಸಿಬಿಟ್ಟಿತು, ಇನ್ನು ನಿನ್ನನ್ನು ಯಾರೂ ಕರೆಸುವುದಿಲ್ಲ, ನಿನ್ನ ಸಂಬಳ ಯಾರೂ ನೋಡುವುದಿಲ್ಲ. ಒಳ್ಳೆಯದೇ. ಆದರೆ ಇನ್ನು ಮುಂದೆ ನೀನು ಬಂದರೆ ನೀನಾಗಿಯೇ ಬಂದ ಹಾಗೆ, ಬಾರದಿದ್ದರೆ ನೀನಾಗಿಯೇ ಬಾರದ ಹಾಗೆ. ನಡುವೆ ದೂರಲು ಯಾರೂ ಇಲ್ಲ. ಅದಕ್ಕೇ ನನಗೆ ಈ ಕಳವಳ. ನಾನಾಡಿದ ಆ 'ಇಲ್ಲ' ಕಚೇರಿಯಲ್ಲೇ ಉಳಿಯಿತೋ, ನಿನ್ನ ಮನಸ್ಸಿಗೂ ಬಂತೋ, ಅಷ್ಟು ತಿಳಿದರೆ ಸಾಕು.

ಗೋರಾನ್‌ಗೆ ಹೇಳು, ಗೊಜ್ಜಿನ ಭರಣಿಗಳನ್ನು ಬಸ್ಸಿನ ಚಾಲಕನ ಕೈಲಿ ಕಳಿಸುತ್ತೇನೆ, ಮುಚ್ಚಳ ಗಟ್ಟಿ ಇದೆ, ಚಾಕುವಿನಿಂದ ಮೀಟಬೇಡ. ಮಕ್ಕಳ ಹಣೆಗೆ ನನ್ನ ಮುತ್ತು. ನಿನ್ನ ಅತ್ತೆಗೆ ನಮಸ್ಕಾರ, ಬೆನ್ನು ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ಬದಲಿಸು.

ಕೆಳಗೆ ಏನೆಂದು ಸಹಿ ಹಾಕಲಿ ಎಂದು ಬಹಳ ಹೊತ್ತು ಕೂತೆ. ಸದ್ಯಕ್ಕೆ ಹೆಸರಷ್ಟೇ ಇರಲಿ.

ಇಂತು,
ಸ್ತಾಮೆಂಕಾ

ಬರೆಯಲು ಮರೆತದ್ದು: ಆಶ್ರಮದ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತಿರುತ್ತಾನಂತೆ. ಬಂದವರನ್ನು, ಯಾರನ್ನು ನೋಡಬೇಕು, ಅವರಿಗೆ ನೀವು ಏನಾಗಬೇಕು ಎಂದು ಕೇಳುತ್ತಾನಂತೆ. ಮಗಳು ಅಂದ್ಬಿಟ್ಟಾಳು, ಹಾಸಿಗೆ ಹೋದೀತು, ಪರಿಚಯದವಳು ಅನ್ನೋಕೆ ಹೇಳು ಎಂದು ವಸಿಲ್ಕಾ ಗಂಟುಬಿದ್ದಿದ್ದಾಳೆ. ನಾನು ಸ್ನೆಜಾನಾಳನ್ನು ಕೇಳಿದೆ. ಬಾಗಿಲಲ್ಲಿ ಯಾರು ಏನು ಹೇಳಿದರೂ ಏನೂ ಆಗುವುದಿಲ್ಲ ಎಂದಳು. ಏನನ್ನಬೇಕೆಂದು ನಾನು ನಿನಗೆ ಹೇಳಿಕೊಡುವುದಿಲ್ಲ. ತೋಟದ ಕಡೆಗೆ ಕಿಟಕಿ ಇರುವ ಕೋಣೆ ಕೊಡುತ್ತೇವೆ ಎಂದಿದ್ದರು, ನಾನು ಬೇಡವೆಂದೆ. ಬಾಗಿಲ ಪಕ್ಕದ ಮೊದಲನೆಯ ಕೋಣೆ ಕೇಳಿ ತೆಗೆದುಕೊಂಡಿದ್ದೇನೆ. ಅಲ್ಲಿ ಗಾಳಿ ಜಾಸ್ತಿಯಂತೆ. ಬಾಗಿಲಲ್ಲಿ ಆಡಿದ ಮಾತೆಲ್ಲ ಒಳಗೆ ಕೇಳಿಸುತ್ತದಂತೆ.