ಉಪ್ಪು ಹಾಕಬೇಡ, ನೌಫೆಲ್

ತಮ್ಮಾ ನೌಫೆಲ್,

ಬೆಳಗಿನಿಂದಲೇ ಮರುಭೂಮಿಯ ಬಿಸಿಗಾಳಿ ಬೀಸಿ ಜೆರ್ಬಾದ ಆಕಾಶವೆಲ್ಲ ಹಳದಿಯಾಗಿದೆ. ಅಮ್ಮನನ್ನು ಸ್ಫಾಕ್ಸ್‌ನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ನಮ್ಮ ಅತಿಥಿಗೃಹದ ಈಜುಕೊಳ ಇನ್ನು ನಿನ್ನ ಕೈಯಲ್ಲಿ.

ಹೊಸ ಗಾರೆ ಇನ್ನೂ ಸುಣ್ಣದ ಪುಡಿ ಬಿಡುತ್ತಿದೆ. ದಿನವೂ ಗೋಡೆ, ತಳ ಉಜ್ಜು. ಪಂಪು ನಿಲ್ಲಿಸಬೇಡ. ಉಪ್ಪುನೀರಿನಿಂದ ಕ್ಲೋರಿನ್ ಮಾಡುವ ಯಂತ್ರವನ್ನು ಬಿಚ್ಚಿ, ಅಮ್ಮನ ಪೆಟ್ಟಿಗೆಯಲ್ಲಿ ನಮಾಜಿನ ಚಾಪೆಯ ಕೆಳಗಿಟ್ಟಿದ್ದೇನೆ. ಗಾರೆಗೆ ತಿಂಗಳು ತುಂಬುವ ತನಕ ಅದನ್ನು ಮುಟ್ಟಬೇಡ, ನೀರಿಗೆ ಉಪ್ಪು ಹಾಕಬೇಡ.

ಹೋದ ಸಲ ಗಾರೆ ಮಾಡಿಸಿದಾಗ, "ಹೊಸ ಕೊಳಕ್ಕೆ ದೃಷ್ಟಿ ತಾಗುತ್ತೆ ಕಣಕ್ಕಾ" ಅಂತ ಮೂಟೆಗಟ್ಟಲೆ ಉಪ್ಪು ಸುರಿದು ಯಂತ್ರ ಓಡಿಸಿದವನು ನೀನೇ. "ಯಂತ್ರಕ್ಕೂ ಸುಣ್ಣ ಬಳಿದಿದ್ದೀರಲ್ಲ, ಮನೇಲಿ ಮದುವೆಯಾ?" ಎಂದು ರಿಪೇರಿಯವನು ನಕ್ಕದ್ದು ಮರೆತೆಯಾ? ಈ ಸಲವೂ ಯಂತ್ರ ಕೆಟ್ಟರೆ ಅತಿಥಿಗಳು ಬರುವುದಿಲ್ಲ, ಅತಿಥಿಗೃಹ ಮುಚ್ಚಬೇಕು, ಅಮ್ಮನ ಔಷಧಿ ನಿಲ್ಲುತ್ತದೆ. ಗದ್ದ ಹಿಡಿದು ಬೇಡುತ್ತೇನಪ್ಪಾ. ದೃಷ್ಟಿಯಿಂದ ಕಾಯುವವನು ಅಲ್ಲಾಹು, ಉಪ್ಪಲ್ಲ. ನಿನ್ನನ್ನು ನಂಬಲಾರದೆ ಮನೆಯಲ್ಲಿ ಒಂದು ಹಿಡಿ ಉಪ್ಪನ್ನೂ ಉಳಿಸಿಲ್ಲ.

ಅಕ್ಕ ಸಾಲ್ಹಾ

ಇಷ್ಟು ಬರೆದು ಎದ್ದೆ. ಪಕ್ಕದ ಮನೆಯ ಮಬ್ರೂಕ ಚಿಕ್ಕಮ್ಮ, ಆಲಿವ್ ಕಾಯಿ ಊರಿಸಲು ನಮ್ಮಿಂದ ಕಡ ಒಯ್ದಿದ್ದ ಉಪ್ಪಿನ ಮೂಟೆಯನ್ನು ಮರಳಿ ತಂದು ಹೊಸ್ತಿಲಲ್ಲಿ ಇಳಿಸಿ ಹೋದರು.