ಕಾರಿನ್ಯಾಗಿನ ಉಳ್ಳಾಗಡ್ಡಿ ಚೀಲ

ಶಿವಾನಿ ಅಪ್ಪಾ,

ಸಂಪಗಾಂವಕ್ಕ ನಮ್ಮವ್ವನ್ನ ನೋಡಾಕ ಹೊಂಟೇನಿ.

ಕೆಟ್ಟ ಕಾರು ಗ್ಯಾರೇಜಿಗೆ ಒಯ್ಯಾಕ ಟ್ರೇಲರ್ ಮ್ಯಾಲೆ ಹೇರಿದ್ದು ಛಲೋ ಆತು. ಆದ್ರ ಅದರೊಳಗ ಉಳ್ಳಾಗಡ್ಡಿ ಚೀಲ ಯಾಕ ತುಂಬೀರಿ? ಕಾರಿನ್ಯಾಗ ಮುಚ್ಚಿಟ್ರ ಟ್ರೇಲರಿಗೆ ವಜ್ಜ ಗೊತ್ತಾಗೂದಿಲ್ಲೇನು? ನಮ್ಮ ಸಣ್ಣ ಟ್ರೇಲರಿನ ಆರ್‌ಸಿಯೊಳಗ ಎಷ್ಟ ವಜ್ಜ ಬರದಾರೋ ಅಷ್ಟೂ ಆ ಕಾರಿಗೇ ಮುಗದೈತಿ. ಎಲ್ಲಾ ಇಳಸ್ರಿ.

ಟ್ರ್ಯಾಕ್ಟರ್ ಕೀಲಿ ಹುಡುಕಬ್ಯಾಡ್ರಿ, ನನ್ನ ಹಂತೇಕ ಐತಿ. ಲೈಸನ್ಸೂ ನಂದ ಐತಿ. ನಿಮ್ಮ ಬೈಕಿನ ಲೈಸನ್ಸ್ ತೋರಿಸಿದ್ರ ಬೈಲಹೊಂಗಲ ದಾರ್‍ಯಾಗ ಯಾರೂ ಬಿಡೂದಿಲ್ಲ. ಸಂಜಿಮುಂದ ಬಂದು ನಾನ ಹೊಡಿತೇನಿ.

ಕಾರಿನ್ಯಾಗ ಸ್ಟೇರಿಂಗ್ ಹಿಡ್ಕೊಂಡು ಮದುಮಗನಂಗ ಕುಂತು ಬರತೇನಿ ಅನ್ನಬ್ಯಾಡ್ರಿ. ನೀವೂ ತೂಕದಾಗ ಬರತೀರಿ. ಗ್ಯಾರೇಜಿಗೆ ಬಸ್ಸಿಗೆ ಬರ್ರಿ.

ರೊಟ್ಟಿ, ಎಣಗಾಯಿ ಬುಟ್ಟ್ಯಾಗ ಅದಾವ. ಹೊಟ್ಟಿ ತುಂಬ ಉಣ್ರಿ. ಇವತ್ತ ನಿಮ್ಮನ್ನ ಹೊರೂದು ಬಸ್ಸು, ನನ್ನ ಟ್ರೇಲರ್ ಅಲ್ಲ.

ಶಿವಾನಿ ಅವ್ವ